ಧರಣೇಂದ್ರ ಸರ್ ಹೊಲದ ಉತಾರ ಕೇಳಿದ್ದು

ಧರಣೇಂದ್ರ ತನ್ನ ಸೈಕಲ್ಲಿಗೆ ಸಲೈನ್ ಹಚ್ಚಿದ ದಿನ ಊರಲ್ಲಿ ಮೂರು ಸುದ್ದಿ ಹುಟ್ಟಿದವು. ಒಂದು, ಸೈಕಲ್ಲಿಗೆ ಜ್ವರ ಬಂದಿದೆ. ಎರಡು, ಜ್ವರ ಬಂದದ್ದು ಮಾಸ್ತರನಿಗೇ, ಸೂಜಿಗೆ ಹೆದರಿ ಸೈಕಲ್ಲಿಗೆ ಚುಚ್ಚಿಸಿದ್ದಾನೆ. ಮೂರನೆಯದನ್ನು ಹೆಂಗಸರು ನಳದ ಹತ್ತಿರ ಮೆಲ್ಲಗೆ ಆಡಿಕೊಂಡರು: ಕುಂಕುಮದ ನೀರು ಹನಿಹನಿಯಾಗಿ ದಾರಿಯ ಮೇಲೆ ಬೀಳುತ್ತಿದೆಯೆಂದರೆ ಇದು ಭಾನಾಮತಿಯ ಮಾಟವೇ ಸೈ.

ಊರು ಕಬ್ಬೂರಿನಿಂದ ರಾಯಬಾಗದ ಕಡೆಗೆ ಹೋಗುವಾಗ ಬಲಕ್ಕೆ ಹೊರಳಿದರೆ ಸಿಗುತ್ತದೆ. ಹೆಸರು ಹೇಳಿದರೆ ಆ ಊರವರು ಮುನಿಸಿಕೊಂಡಾರು, ಬಿಡಿ. ಅಂದು ಸಂಜೆ ಎಮ್ಮೆಗಳು ಆ ಕೆಂಪು ಹನಿಗಳನ್ನು ದಾಟಲು ಒಪ್ಪದೆ ಕತ್ತಲಾಗುವ ತನಕ ರಸ್ತೆಯ ಆಚೆಯೇ ನಿಂತವಂತೆ. ಅದರಲ್ಲೊಂದು ಮೂರು ದಿನ ಹಾಲೇ ಕೊಡಲಿಲ್ಲ. ನಾಲ್ಕನೆಯ ದಿನ ಕೊಟ್ಟ ಹಾಲು ಗುಲಾಬಿ ಬಣ್ಣದ್ದಿತ್ತು, ಡೇರಿಯವರು ಅದನ್ನು ಬಾದಾಮಿ ಹಾಲೆಂದು ಮಾರಿಬಿಟ್ಟರು. ಇದು ಕಾಲೇಜಿನ ಸಿಪಾಯಿ ಸತ್ತೆಪ್ಪ ಹೇಳುವ ಮಾತು. ಸತ್ತೆಪ್ಪನ ಮಾತಿನಲ್ಲಿ ಅರ್ಧ ನಂಬಬಹುದು. ಯಾವ ಅರ್ಧ ಅನ್ನುವುದು ಅವನಿಗೂ ಗೊತ್ತಿಲ್ಲ.

ನಿಜಸಂಗತಿ ಇಷ್ಟೇ. ಧರಣೇಂದ್ರ ಆ ಊರಿನ ಪಿಯು ಕಾಲೇಜಿನಲ್ಲಿ ಗಣಿತದ ಅತಿಥಿ ಉಪನ್ಯಾಸಕ. ಹನ್ನೊಂದು ವರ್ಷದ ಅತಿಥಿ. ನಮ್ಮ ಕಡೆ ಅತಿಥಿ ಮೂರು ದಿನ ಇದ್ದರೆ ನಾಲ್ಕನೆಯ ದಿನ ದನ ಕಟ್ಟಲು ಹಚ್ಚುತ್ತಾರೆ. ಧರಣೇಂದ್ರನಿಗೂ ಹಾಗೆಯೇ ಗಣಿತದ ಜೊತೆ ಭೌತಶಾಸ್ತ್ರದ ಪ್ರಯೋಗಶಾಲೆಯನ್ನು ಕಟ್ಟಿದ್ದರು. ಅಲ್ಲಿದ್ದದ್ದು ಒಂದು ಒಡೆದ ತಕ್ಕಡಿ ಮತ್ತು ಬೀಗ. ಹಾಗಾಗಿ ಅವನು ಪ್ರಯೋಗವನ್ನು ರಸ್ತೆಗೆ ತಂದ. ಡಾಕ್ಟರರ ಹತ್ತಿರ ಖಾಲಿ ಸಲೈನ್ ಬಾಟಲಿ ಬೇಡಿ ತಂದು, ಕುಂಕುಮದ ನೀರು ತುಂಬಿ, ಸೆಕೆಂಡಿಗೊಂದು ಹನಿ ಬೀಳುವಂತೆ ತಿರುಪು ಬಿಗಿಮಾಡಿ ಸೈಕಲ್ ಓಡಿಸಿದ. ಮೆಲ್ಲಗೆ ಹೋದಲ್ಲಿ ಹನಿಗಳು ಒತ್ತೊತ್ತಾಗಿ ಬಿದ್ದವು, ಜೋರಾಗಿ ಹೋದಲ್ಲಿ ದೂರ ದೂರ. ಹಿಂದಿನಿಂದ ಇಪ್ಪತ್ತೆರಡು ಹುಡುಗ ಹುಡುಗಿಯರು ಟೇಪು ಹಿಡಿದು, ರಸ್ತೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತು ಅಳೆದರು.

"ಎರಡ ಹನಿ ನಡಕ ಎಷ್ಟ ದೂರ ಐತಿ, ಅದು ಆ ಸೆಕೆಂಡಿನ ಸರಾಸರಿ ವೇಗ," ಅಂದ ಧರಣೇಂದ್ರ. "ಹನಿ ಇನ್ನೂ ಲಗು ಲಗು ಬೀಳಿಸಿದ್ರ? ಅರ್ಧ ಸೆಕೆಂಡಿಗೊಂದು, ಕಾಲ ಸೆಕೆಂಡಿಗೊಂದು? ಹಂಗ ಸಣ್ಣದ ಮಾಡಕೋತ ಹೋದ್ರ ಕಡೀಕ ಏನ ಸಿಗತೈತಿ?"

ಹಿಂದಿನಿಂದ ಒಂದು ಹುಡುಗಿ ಅಂದಳು, "ಆ ಕ್ಷಣದ್ದ ವೇಗ ಸಿಗತೈತ್ರಿ. ಆದ್ರ ಅಷ್ಟೊತ್ತಿಗೆ ಹನಿ ಹೋಗಿ ಗೆರಿ ಆಗಿರತೈತ್ರಿ ಸರ್ರ."

ಧರಣೇಂದ್ರ ಸೈಕಲ್ಲನ್ನು ಅಲ್ಲೇ ಬಿಟ್ಟ, ಅದು ಬಿತ್ತು. ಹನ್ನೊಂದು ವರ್ಷದಲ್ಲಿ ಅವನಿಗೆ ಈ ಉತ್ತರ ಕೊಟ್ಟ ಮೊದಲ ಜೀವ ಅದು. ನೀಲಮ ಅಂತ ಹೆಸರು, ಕುರಿ ಕಾಯುವ ಮಲಕಾರಿಯ ಒಬ್ಬಳೇ ಮಗಳು.

ಕ್ಷಣದ ವೇಗ ಅಂದರೇನೆಂದು ಧರಣೇಂದ್ರನಿಗೇ ಗೊತ್ತಾಗಿದ್ದು ಬಹಳ ತಡವಾಗಿ. ಉಗಾರ ಬುದ್ರುಕದ ಜೈನ ಒಕ್ಕಲಿನ ಮನೆಯವನು. ಅವನ ಊರಿನ ಕಬ್ಬು ಎಷ್ಟು ಎತ್ತರವೆಂದರೆ ಹೊಲಕ್ಕೆ ಹೋದ ಗಂಡ ಬುತ್ತಿ ಉಂಡು ಹೊರಗೆ ಬರುವಷ್ಟರಲ್ಲಿ ಹೆಂಡತಿ ಅವನ ಗುರುತು ಮರೆತಿರುತ್ತಾಳೆ ಅನ್ನುತ್ತಾರೆ. ಅಂಥ ಕಬ್ಬನ್ನು ಬಿಟ್ಟು ಧಾರವಾಡಕ್ಕೆ ಹೋಗಿ ಗಣಿತ ಓದಿದ. ಕ್ಯಾಲ್ಕ್ಯುಲಸ್ಸಿನ ಸೂತ್ರಗಳನ್ನು ತಾಯಿ ಣಮೋಕಾರ ಮಂತ್ರ ಜಪಿಸಿದ ಹಾಗೆ ಜಪಿಸಿ ಫಸ್ಟ್ ಕ್ಲಾಸು ತಂದ. ತಾಯಿಗೆ ತನ್ನ ಜಪದ ಅರ್ಥ ಗೊತ್ತಿತ್ತು, ಇವನಿಗೆ ಇರಲಿಲ್ಲ.

ಆಮೇಲೊಂದು ದಿನ ನಿಪ್ಪಾಣಿಯಿಂದ ಚಿಕ್ಕೋಡಿಗೆ ಬರುವ ಬಸ್ಸಿನಲ್ಲಿ ಡ್ರೈವರನ ಪಕ್ಕ ಕುಳಿತಿದ್ದ. ವೇಗದ ಮುಳ್ಳು ನಲವತ್ತು ತೋರಿಸುತ್ತಿತ್ತು. ಬಸ್ಸು ಹೊರಟು ಐದು ನಿಮಿಷವಾಗಿದೆ, ತಾಸು ತುಂಬಿಲ್ಲ, ನಲವತ್ತು ಕಿಲೋಮೀಟರು ದಾಟಿಲ್ಲ. ಹಾಗಾದರೆ ಈ ನಲವತ್ತು ಎಲ್ಲಿಂದ ಬಂತು? ಇದ್ದಕ್ಕಿದ್ದಂತೆ ತಲೆಯಲ್ಲಿ ದೀಪ ಹತ್ತಿ ಎದ್ದು ನಿಂತುಬಿಟ್ಟ.

"ಯಾವ ಸ್ಟಾಪ್ರಿ?" ಅಂದ ಕಂಡಕ್ಟರ.

"ಇದ ಕ್ಷಣ," ಅಂದ ಧರಣೇಂದ್ರ.

"ಆ ಊರಿಗೆ ಈ ಬಸ್ಸು ಹೋಗೂದಿಲ್ರಿ," ಅಂದು ಕಂಡಕ್ಟರ ಸೀಟಿ ಊದಿದ.

ಅಂದಿನಿಂದ ಅವನಿಗೆ ಇದೊಂದೇ ಹುಚ್ಚು. ನಳದ ಕೆಳಗೆ ಕೊಡ ಇಟ್ಟು ಸಮಾಕಲನ, ಸೈಕಲ್ಲಿನಿಂದ ಅವಕಲನ. ಮನೆಯಲ್ಲಿ ಹೆಂಡತಿ ರೂಪಾಲಿ, "ಎಲ್ಲಾರ ಮನ್ಯಾಗ ಕೊಡ ತುಂಬಿದ್ರ ಬಂದ ಮಾಡ್ತಾರ. ನಮ್ಮನ್ಯಾಗ ತುಂಬಿ ಚೆಲ್ಲಿದ್ರೂ ಗ್ರಾಫ್ ಮುಗಿಯೂದಿಲ್ಲ," ಅನ್ನುತ್ತಿದ್ದಳು. ತಾನೇ ಒರೆಸುತ್ತಿದ್ದಳು ಕೂಡ.

ಈ ಹುಚ್ಚಿನಲ್ಲಿ ಒಂದು ಶಬ್ದದ ತೊಡಕಿತ್ತು. ಪುಸ್ತಕದಲ್ಲಿ ಸ್ಲೋಪ್ ಅಂತಿತ್ತು. ಹಾಗಂದರೆ ಅರ್ಧ ಹುಡುಗರು ಸೋಪು ಅಂದುಕೊಳ್ಳುತ್ತಿದ್ದರು. ಇಳಿಜಾರು ಅಂದರೆ ಮರಾಠಿ ಶಾಲೆಯಿಂದ ಬಂದವರು ಮುಖ ಮುಖ ನೋಡುತ್ತಿದ್ದರು. ಕನ್ನಡದವರಿಗೂ ಮರಾಠಿಯವರಿಗೂ ಗೊತ್ತಿರುವ ಒಂದೇ ಒಂದು ಶಬ್ದ ಉತಾರ. ಘಾಟಿನ ರಸ್ತೆಯಲ್ಲಿ ಮುಂದೆ ಉತಾರ ಇದೆ ಎಂದು ಬೋರ್ಡು ಹಾಕಿರುತ್ತಾರೆ. ಕಬ್ಬಿನ ಟ್ರ್ಯಾಕ್ಟರಿನವನು ಉತಾರದಲ್ಲಿ ಗೇರು ತೆಗೆಯಬೇಡ ಎಂದು ಬಯ್ಯಿಸಿಕೊಂಡಿರುತ್ತಾನೆ. ಧರಣೇಂದ್ರನಿಗೆ ಆ ಶಬ್ದ ಸಿಕ್ಕಾಗ ಆದ ಸಂತೋಷ ಅಷ್ಟಿಷ್ಟಲ್ಲ. ಡಿಸೆಂಬರಿನ ಒಂದು ಶನಿವಾರ ತರಗತಿಯಲ್ಲಿ ಹೇಳಿದ:

"ಸೋಮವಾರ ಬರೂವಾಗ ಎಲ್ಲಾರೂ ನಿಮ್ಮ ನಿಮ್ಮ ಹೊಲದ ಉತಾರ ತಗದು ತರ್ರಿ. ವಹಿ ಮ್ಯಾಲ ಹೆಸರು ಬರೀರಿ."

ಉತಾರ ಅಂದರೆ ಇಳಿಜಾರು ಹೌದು. ಆದರೆ ಈ ಸೀಮೆಯಲ್ಲಿ ಉತಾರ ತೆಗೆಯುವುದು ಅಂದರೆ ಕಚೇರಿಗೆ ಹೋಗಿ ಹೊಲದ ಹಕ್ಕಿನ ಕಾಗದ ತೆಗೆಸುವುದು. ಇದು ಹಾಲು ಕುಡಿಯುವ ಕೂಸಿಗೂ ಗೊತ್ತು. ಗಣಿತದ ಗುಂಗಿನಲ್ಲಿದ್ದ ಧರಣೇಂದ್ರನಿಗೆ ಮಾತ್ರ ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ಸೋಮವಾರ ಹದಿನೆಂಟು ಮಂದಿ ಸರ್ವೆ ನಂಬರ ಸಮೇತ ಹೊಲದ ಕಾಗದ ತಂದಿದ್ದರು. ಇಬ್ಬರು ಸಕ್ಕರೆ ಕಾರ್ಖಾನೆಯ ಉತಾರ, ಅಂದರೆ ಒಂದು ಟನ್ ಕಬ್ಬಿಗೆ ಎಷ್ಟು ಸಕ್ಕರೆ ಇಳಿಯಿತು ಅನ್ನುವುದನ್ನು ಬರೆದು ತಂದರು. ಒಬ್ಬ ಹುಡುಗನ ಅಜ್ಜಿ, ಹೊಲಕ್ಕೆ ದೃಷ್ಟಿಯ ಉತಾರ ತೆಗೆಯಲು ಮಾಸ್ತರ ಕೇಳಿದ್ದಾರೆಂದು ತಿಳಿದು, ನಿವಾಳಿಸಿದ ಲಿಂಬೆಹಣ್ಣು ಮತ್ತು ಮೆಣಸಿನಕಾಯಿ ಕಳಿಸಿದ್ದಳು. ಸತ್ತೆಪ್ಪ ಅದನ್ನು ಮುಟ್ಟದೆ ಮರದ ಸ್ಕೇಲಿನಿಂದ ತಳ್ಳುತ್ತ ಊರ ಹೊರಗಿನ ತನಕ ಒಯ್ದ. ಧರಣೇಂದ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ತರಗತಿಯೂ ನಕ್ಕಿತು.

ನಗದೆ ಕುಳಿತವಳು ನೀಲಮ. ಅವಳೊಬ್ಬಳೇ ಸರಿಯಾದ ಉತಾರ ತಂದಿದ್ದಳು. ಗೌಂಡಿಯವರ ಹತ್ತಿರ ನೀರು ತುಂಬಿದ ಪಾರದರ್ಶಕ ಪೈಪು ಇರುತ್ತದಲ್ಲ, ಗೋಡೆಯ ಮಟ್ಟ ನೋಡುವಂಥದು, ಅದನ್ನು ಬೇಡಿ ತಂದು, ಒಂದು ತುದಿ ತಾನು, ಇನ್ನೊಂದು ತುದಿ ತಾಯಿ ಕೆಂಪವ್ವ ಹಿಡಿದು, ಹತ್ತು ಹತ್ತು ಫೂಟಿಗೆ ಗೂಟ ಬಡಿದು, ಹಗ್ಗ ಕಟ್ಟಿ, ನೆಲ ಎಷ್ಟೆಷ್ಟು ಇಳಿದಿದೆಯೆಂದು ಬರೆದಿದ್ದಳು. ವಹಿಯ, ಅಂದರೆ ನೋಟ್‌ಬುಕ್ಕಿನ, ಮೇಲೆ ದಪ್ಪ ಅಕ್ಷರದಲ್ಲಿ: ಹೊಲದ ಉತಾರ, ನೀಲಮ ಮಲಕಾರಿ.

"ನೋಡ್ರಿ ಸರ್ರ," ಅಂದು ಗ್ರಾಫಿನ ಮೇಲೆ ಬೆರಳಿಟ್ಟಳು. "ನಮ್ಮ ಕಾಕಾನ ಕಡೆ ಮ್ಯಾಲಿಂದ ಇಳಕೋತ ಬರತೈತಿ. ಒಡ್ಡು ದಾಟಿ ನಮ್ಮ ಕಡೆ ಬಂದ ಮ್ಯಾಲ ಇಲ್ಲೆ ಉತಾರ ಸೊನ್ನಿ. ಅಲ್ಲಿಂದ ಮುಂದ ಮತ್ತ ಏರ. ಸೊನ್ನಿ ಇದ್ದಲ್ಲೇ ನೀರ ನಿಂತು ಸವಳ ಬಿದ್ದು ಉಪ್ಪ ಎದ್ದೈತ್ರಿ. ನಮ್ಮಪ್ಪ ದೇವರ ಕಾಟ ಅಂತಾನ."

ಧರಣೇಂದ್ರ ಆ ಸೊನ್ನೆಯ ಮೇಲೆ ತಾನೂ ಬೆರಳಿಟ್ಟ. ಪುಸ್ತಕದಲ್ಲಿ ಕನಿಷ್ಠ ಬಿಂದು ಅಂತ ಒಂದು ಇರುತ್ತದೆ, ಇಳಿಜಾರು ಸೊನ್ನೆಯಾಗುವ ಜಾಗ. ಅದನ್ನು ಇಪ್ಪತ್ತು ವರ್ಷದಿಂದ ಬರೆದಿದ್ದ, ಬರೆಸಿದ್ದ. ಅದಕ್ಕೆ ಉಪ್ಪಿನ ರುಚಿ ಇರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮನೆಗೆ ಹೋಗಿ ರೂಪಾಲಿಗೆ ಹೇಳಿದ: "ಈ ಹುಡಿಗಿ ಮುಂದ ಓದಬೇಕು. ಇದೊಂದ ಆದ್ರ ನಾ ಹನ್ನೊಂದ ವರ್ಷ ಸೈಕಲ್ ತುಳದದ್ದು ಸಾರ್ಥಕ."

ಜನವರಿ ಎರಡನೆಯ ವಾರದಿಂದ ನೀಲಮ ಕಾಲೇಜಿಗೆ ಬರುವುದು ನಿಂತಿತು.

ಮೂರು ದಿನ ಜ್ವರ ಅಂದುಕೊಂಡ. ಒಂದು ವಾರ ಕುರಿ ಅಂದುಕೊಂಡ. ಹದಿನೈದು ದಿನಕ್ಕೆ ಪ್ರಿನ್ಸಿಪಾಲರು ಹಾಜರಿ ಪುಸ್ತಕ ತೋರಿಸಿ, "ಇನ್ನೊಂದ ವಾರ ಬರಲಿಲ್ಲಂದ್ರ ಪರೀಕ್ಷಾಕ್ಕ ಕೂಡಸಾಕ ಬರೂದಿಲ್ಲ," ಅಂದರು. ಧರಣೇಂದ್ರ ಸೈಕಲ್ ಹತ್ತಿದ.

ಮಲಕಾರಿ ಅಂಗಳದಲ್ಲಿ ಉಣ್ಣೆಯ ಹಗ್ಗ ಹೊಸೆಯುತ್ತ ಕುಳಿತಿದ್ದ. ಏಳಲಿಲ್ಲ.

"ಬರ್ರಿ ಸರ್ರ. ಕೂಡ್ರಿ ಅನ್ನಾಕ ಮನಿ ಐತಿ, ಬಾಯಿ ಇಲ್ಲ."

"ಏನಾತ್ರಿ?"

"ಏನಾಗಬೇಕ್ರಿ. ನಮ್ಮ ತಮ್ಮ ಆ ಹಾದಿಲೆ ಹೊಂಟಿದ್ದ. ಗೂಟ ಕಂಡ, ಹಗ್ಗ ಕಂಡ. ಏನ ಮಾಡಾಕತ್ತೀಯಬೇ ಅಂದ. ಇಕಿ ಏನಂದ್ಲ ಗೊತ್ತೈತೇನ್ರಿ? ಕಾಕಾ, ಹೊಲದ ಉತಾರ ತಗ್ಯಾಕತ್ತೀನಿ ಅಂದ್ಲ. ಯಾರ ಹೆಸರಲೇ ಅಂದ. ನನ್ನ ಹೆಸರಲೇ ಅಂದ್ಲ."

ಧರಣೇಂದ್ರನಿಗೆ ಈ ಸಲ ನಗು ಬರಲಿಲ್ಲ.

ಮಲಕಾರಿ ಮತ್ತು ಬೀರದೇವ ಅಣ್ಣತಮ್ಮಂದಿರು. ಕಾಗದದ ಮೇಲೆ ಹೊಲ ಒಂದೇ. ಬಾಯಿಮಾತಿನಲ್ಲಿ ಮೇಲಿನದು ಬೀರದೇವನಿಗೆ, ಕೆಳಗಿನದು ಮಲಕಾರಿಗೆ. ಬೀರದೇವನಿಗೆ ಇಬ್ಬರು ಗಂಡುಮಕ್ಕಳು. ಅಣ್ಣನಿಗೆ ಗಂಡಿಲ್ಲ, ನಾಳೆ ಎಲ್ಲ ತನ್ನ ಮಕ್ಕಳಿಗೇ ಎಂದು ಲೆಕ್ಕ ಹಾಕಿಕೊಂಡಿದ್ದ. ಎಳ್ಳಮಾವಾಸ್ಯೆಗೆ ನೀಲಮಳಿಗೆ ಹದಿನೆಂಟು ತುಂಬಿತ್ತು. ಅದಕ್ಕೆ ಸರಿಯಾಗಿ ಅವಳ ವಹಿ ಬೀರದೇವನ ಕೈಗೆ ಸಿಕ್ಕಿತು. ಗೂಟ ಬಡಿದದ್ದು, ಅಳತೆ ಬರೆದದ್ದು, ಮೇಲೆ ಹೆಸರು, ಒಳಗೆ ತನ್ನ ಹೊಲದ ನೀರು ಅಣ್ಣನ ಹೊಲವನ್ನು ಕೆಡಿಸಿದ ನಕಾಶೆ. ಅಣ್ಣ ಮಗಳ ಕೈಯಿಂದ ಗುಟ್ಟಾಗಿ ಹೊಲ ಅಳೆಸಿ ಮೋಜಣಿ ಮಾಡಿಸಿ, ಹೊಲವನ್ನೇ ಅವಳ ಹೆಸರಿಗೆ ತೆಗೆಯುತ್ತಿದ್ದಾನೆ ಎಂದು ಊರೆಲ್ಲ ಹೇಳಿದ. ಅಂದಿನಿಂದ ಎರಡು ಮನೆಯ ನಡುವೆ ಮಾತಿಲ್ಲ. ನೀಲಮ ಹೊರಗೆ ಹೋದರೆ ಕಚೇರಿಗೇ ಹೋದಳು ಎಂದು ಬೀರದೇವನ ಮಕ್ಕಳು ಹಿಂದೆ ಬರುತ್ತಿದ್ದರು. ಹೆದರಿ ಮಲಕಾರಿ ಅವಳನ್ನು ಮನೆಯಲ್ಲಿ ಕೂರಿಸಿದ.

"ಹಿರ್ಯಾರನ್ನ ಕೂಡಸ್ರಿ," ಅಂದ ಧರಣೇಂದ್ರ. "ತಪ್ಪ ನಂದೈತಿ. ನಾನ ತಿಳಿಸಿ ಹೇಳ್ತೀನಿ."

ಅದೇ ಅವನ ಎರಡನೆಯ ತಪ್ಪು. ತಿಳಿಸಿ ಹೇಳಿದರೆ ಜನ ತಿಳಿದುಕೊಳ್ಳುತ್ತಾರೆ ಅನ್ನುವ ಭ್ರಮೆ ಮಾಸ್ತರರಿಗೆ ಇರುತ್ತದೆ.

ಮರುದಿನ ಮುಂಜಾನೆ ಹಾಲು ಹಾಕಿ ಮುಗಿದ ಮೇಲೆ ಡೇರಿಯ ಕಟ್ಟೆಗೆ ಎಲ್ಲರೂ ಸೇರಿದರು. ಹಿರಿಯ ಗಂಗಾರಾಮ ನಡುವೆ ಕುಳಿತ. ಈ ಗಂಗಾರಾಮ ಒಮ್ಮೆ ಎರಡು ಹುಂಜಗಳ ಜಗಳವನ್ನು ಎಷ್ಟು ಸಮಾಧಾನದಿಂದ ಬಿಡಿಸಿದನೆಂದರೆ, ಎರಡೂ ಕೂಗುವ ಸಮಯವನ್ನು ಹಂಚಿಕೊಂಡವಂತೆ. ಬೀರದೇವ ಎಡಕ್ಕೆ, ಮಲಕಾರಿ ಬಲಕ್ಕೆ. ನೀಲಮ ತಾಯಿಯ ಜೊತೆ ಕಂಬದ ಹತ್ತಿರ ನಿಂತಿದ್ದಳು.

"ಸರ್ರ, ನೀವ ಕಲತಾವ್ರು," ಅಂದ ಬೀರದೇವ. "ಉತಾರ ತಗೀರಿ ಅಂತ ಹುಡುಗೂರಿಗೆ ಹೇಳಿದ್ದು ಖರೇನೋ ಸುಳ್ಳೋ?"

"ಖರೆ ಐತಿ. ಆದ್ರ ಆ ಉತಾರ ಅಲ್ರಿ, ಇಳಕಲ ಉತಾರ."

"ಉತಾರದಾಗ ಎಷ್ಟ ಜಾತಿ ಅದಾವ್ರಿ? ಜವಾರಿ, ಹೈಬ್ರಿಡ್?"

ಕಟ್ಟೆ ನಕ್ಕಿತು.

"ತಡೀಲೇ ಬೀರ್ಯಾ," ಅಂದ ಗಂಗಾರಾಮ. "ಮಾಸ್ತರ ತೋರಸ್ತಾರಂತ. ನೋಡೂನು."

ಧರಣೇಂದ್ರ ಒಂದು ಹಲಗೆ ತರಿಸಿ ಇಟ್ಟಂಗಿಯ ಮೇಲೆ ಓರೆಯಾಗಿ ಇಟ್ಟ. ಗುಂಡಗಿನ ಒಂದು ಉಳ್ಳಾಗಡ್ಡಿ ಬಿಟ್ಟ. ಅದು ಉರುಳಿತು. ಇನ್ನೊಂದು ಇಟ್ಟಂಗಿ ಏರಿಸಿದ. ಜೋರಾಗಿ ಉರುಳಿ ಗಂಗಾರಾಮನ ಚಪ್ಪಲಿಗೆ ಬಡಿಯಿತು. ಪ್ರತಿ ಜಾಗದಲ್ಲಿ ಎಷ್ಟು ಇಳಿಯುತ್ತದೆ, ಅದನ್ನು ಅಳೆಯುವುದೇ ಲೆಕ್ಕ, ಹುಡುಗಿ ಅಳೆದದ್ದೂ ಅದನ್ನೇ ಎಂದು ಹೇಳಿದ. ಜನ ಕಣ್ಣು ಅರಳಿಸಿ ನೋಡಿದರು. ಒಬ್ಬ, "ಇನ್ನೊಮ್ಮೆ ಬಿಡ್ರಿ ಸರ್ರ," ಅಂದ. ಅಷ್ಟು ಚೆನ್ನಾಗಿ ಧರಣೇಂದ್ರ ತರಗತಿಯಲ್ಲೂ ಪಾಠ ಮಾಡಿರಲಿಲ್ಲ.

ಗಂಗಾರಾಮ ಉಳ್ಳಾಗಡ್ಡಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ.

"ಉಳ್ಳಾಗಡ್ಡಿ ಉಳ್ಳಿದ್ದು ಖರೆ. ಎಲ್ಲಾರೂ ನೋಡಿದ್ವಿ. ಆದ್ರ ಉಳ್ಳಾಗಡ್ಡಿ ಮ್ಯಾಲ ಯಾರ ಹೆಸರೂ ಇಲ್ಲ. ವಹಿ ಮ್ಯಾಲ ಐತಿ."

"ಅದು ಎಲ್ಲಾ ವಹಿ ಮ್ಯಾಲೂ ಬರೀತಾರ್ರಿ."

"ಬರೀಲಿ. ಹುಡಿಗಿ ಮನಸಿನ್ಯಾಗ ಹೊಲ ಇಲ್ಲಂದ್ರ, ಇಲ್ಲ ಅಂತ ಬರಕೊಡಾಕ ಏನ ತ್ರಾಸ? ಹಕ್ಕಸೋಡ ಬರಕೊಡಲಿ. ಹೊಲದಾಗ ನಂದೇನೂ ಇಲ್ಲ, ಕಾಕಾನ ಮಕ್ಕಳಿಗೆ ಬಿಟ್ಟೀನಿ ಅಂತ. ತಾಲೂಕಿಗೆ ಹೋಗಿ ಸಹಿ ಮಾಡಲಿ. ನಾಳಿಂದ ಕಾಲೇಜಿಗೆ ಹೋಗಲಿ, ಬೀರ್ಯಾ ಅಡ್ಡ ಬರೂದಿಲ್ಲ. ಏನೋ?"

"ಇಲ್ರಿ," ಅಂದ ಬೀರದೇವ. "ನಾನ ಗಾಡಿ ಮ್ಯಾಲ ಬಿಟ್ಟ ಬರ್ತೀನಿ."

ಹೊಲ ಅಜ್ಜನ ಕಾಲದ್ದು. ಅಂಥ ಹೊಲದಲ್ಲಿ ಹೆಣ್ಣುಮಗಳಿಗೂ ಹುಟ್ಟಿನಿಂದಲೇ ಪಾಲಿದೆ. ಇದು ಧರಣೇಂದ್ರನಿಗೆ ಗೊತ್ತಿತ್ತು. ಅವನ ತಂಗಿ ಇದೇ ಮಾತನ್ನು ಅವನ ಮನೆಯಲ್ಲೇ ಎತ್ತಿ, ಪಾಲು ಸಿಗದೆ, ಆಮೇಲೆ ಬಂದುಹೋಗುವುದನ್ನೇ ಬಿಟ್ಟಿದ್ದಳು. ಬಾಯಿ ತೆರೆದ. ಹೇಳಿದರೆ ಕಟ್ಟೆ ಮುರಿಯುತ್ತದೆ, ಮಲಕಾರಿ ಮಗಳನ್ನು ಮತ್ತೆ ಒಳಗೆ ಕೂರಿಸುತ್ತಾನೆ, ವಾರ ಮುಗಿಯುತ್ತದೆ, ಪರೀಕ್ಷೆ ಹೋಗುತ್ತದೆ. ಹೇಳದಿದ್ದರೆ ನಾಳೆ ಹತ್ತು ಗಂಟೆಗೆ ಅವಳು ಬೆಂಚಿನ ಮೇಲೆ ಇರುತ್ತಾಳೆ. ಬಾಯಿ ಮುಚ್ಚಿದ.

"ಬರಿಯೂದು ಯಾರ ಬರೀತಾರ?" ಅಂದ ಯಾರೋ.

"ಮಾಸ್ತರ ಅದಾರಲ್ಲ," ಅಂದ ಗಂಗಾರಾಮ. "ಅಕ್ಷರ ಛಂದ ಇರತಾವ."

ಬೀರದೇವ ತಂದದ್ದು ಅದೇ ವಹಿ. ನಡುವಿನ ಖಾಲಿ ಹಾಳೆ ಹರಿದು ಕೊಟ್ಟ. ಗಂಗಾರಾಮ ಹೇಳಿದ್ದನ್ನು ಧರಣೇಂದ್ರ ಬರೆದ. ನೀಲಮ ಮಲಕಾರಿ, ವಯಸ್ಸು ಹದಿನೆಂಟು, ಸ್ವಖುಷಿಯಿಂದ. ಸ್ವಖುಷಿ ಅನ್ನುವಲ್ಲಿ ಪೆನ್ನು ನಿಂತಿತು. ಗಂಗಾರಾಮ, "ಶಾಯಿ ಮುಗೀತೇನ್ರಿ?" ಅಂದ. ಮುಗಿದಿರಲಿಲ್ಲ.

ನೀಲಮ ಬಂದು ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಅಪ್ಪನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

"ಸರ್ರ, ನೀವು ಎರಡು ಉತಾರ ಬ್ಯಾರೆ ಬ್ಯಾರೆ ಅಂದ್ರಿ," ಅಂದಳು ಮೆಲ್ಲಗೆ, ಅವನಿಗಷ್ಟೇ ಕೇಳುವಂತೆ. "ಎರಡೂ ಒಂದ ಅದಾವ್ರಿ. ಎರಡರಾಗೂ ಕೆಡಕು ಅವರ ಕಡಿಂದ ನಮ್ಮ ಕಡೀಗೇ ಇಳೀತೈತ್ರಿ."

ಸಹಿ ಮಾಡಿದಳು. ಉಳಿದ ವಹಿಯನ್ನು ಬೀರದೇವ ಅಲ್ಲೇ ಡೇರಿಯ ಒಲೆಗೆ ಹಾಕಿದ. ಅದರ ಮೇಲೆ ಎಲ್ಲರಿಗೂ ಚಹಾ ಆಯಿತು. ಧರಣೇಂದ್ರನೂ ಕುಡಿದ. ಕುಡಿಯದಿದ್ದರೆ ಸಮಾಧಾನ ಆಗಲಿಲ್ಲ ಅಂತ ಅರ್ಥವಾಗುತ್ತದೆ.

ಮರುದಿನವೇ ಬೀರದೇವ ಅವಳನ್ನೂ ಮಲಕಾರಿಯನ್ನೂ ಗಾಡಿಯ ಮೇಲೆ ಕೂರಿಸಿಕೊಂಡು ತಾಲೂಕಿಗೆ ಹೋಗಿ ನೋಂದಣಿ ಮುಗಿಸಿದ. ಮಧ್ಯಾಹ್ನದ ತರಗತಿ ತಪ್ಪದಂತೆ ತಂದು ಕಾಲೇಜಿನ ಗೇಟಿಗೆ ಇಳಿಸಿದ. ಮಾತಿಗೆ ತಪ್ಪುವ ಮನುಷ್ಯನಲ್ಲ.

ಪ್ರಿನ್ಸಿಪಾಲರು ಧರಣೇಂದ್ರನನ್ನು ಒಳಗೆ ಕರೆದು, "ನೋಡ್ರಿ, ಊರ ಮಂದಿ ಬಂದು ಹೋಗ್ಯಾರ. ಇನ್ನ ಮ್ಯಾಲ ಹೊಲ ಇಲ್ಲ, ರಸ್ತೆ ಇಲ್ಲ, ಸಲೈನ್ ಇಲ್ಲ. ಗೈಡ್ ತಗೊಂಡು ಲೆಕ್ಕ ಬರಸ್ರಿ. ಪಾಸಾಗಲಿ, ಸಾಕು," ಅಂದರು. ಹಾಗೆಂದು ಒಪ್ಪಿ ಬರೆದ ಒಂದು ಕಾಗದಕ್ಕೆ ಅವನೂ ಸಹಿ ಮಾಡಿದ. ಮನೆಯಲ್ಲಿ ರೂಪಾಲಿಗೆ ಎಲ್ಲ ಹೇಳಿದಾಗ ಅವಳು ಕೊಡ ಒರೆಸುತ್ತ, "ಹುಡಿಗಿ ಸಾಲಿಗೆ ಬಂದ್ಲಲ್ಲ. ನೀವ ಅದನ್ನ ಕೇಳಿದ್ರಿ," ಅಂದಳು. ಸ್ವಲ್ಪ ತಡೆದು, "ನಿಮ್ಮ ತಂಗೀಗೂ ಯಾರರ ಹಿಂಗ ಛಂದ ಅಕ್ಷರದಾಗ ಹಕ್ಕಸೋಡ ಬರದ ಕೊಟ್ಟಿದ್ರ ಅಕಿನೂ ಬರತಿದ್ಲೋ ಏನೋ," ಅಂದಳು.

ಫೆಬ್ರವರಿಯಲ್ಲಿ ಗೈಡಿನ ಪಾಠ ಭರದಿಂದ ನಡೆಯಿತು. ಮೊದಲ ಅಧ್ಯಾಯದ ಮೂವತ್ತೆರಡು ಲೆಕ್ಕ ನಾಲ್ಕು ದಿನಕ್ಕೆ ಮುಗಿದವು. ಕ್ಯಾಲ್ಕ್ಯುಲಸ್ಸು ಇಷ್ಟು ಜೋರಾಗಿ ಓಡಿದ್ದನ್ನು ಸತ್ತೆಪ್ಪನೂ ಕಂಡಿರಲಿಲ್ಲವಂತೆ. ನೀಲಮ ಎರಡನೆಯ ಬೆಂಚಿನಲ್ಲಿ ಕುಳಿತು ಅಂದವಾಗಿ ಬರೆದುಕೊಳ್ಳುತ್ತಿದ್ದಳು. ಕಿರುಪರೀಕ್ಷೆಯಲ್ಲಿ ಅವಳಿಗೇ ಎಲ್ಲರಿಗಿಂತ ಹೆಚ್ಚು ಅಂಕ. ಒಂದೂ ಪ್ರಶ್ನೆ ಕೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪ್ರಿನ್ಸಿಪಾಲರು ಊರಲ್ಲಿರಲಿಲ್ಲ. ಧರಣೇಂದ್ರನಿಗೆ ತಡೆಯಲಾಗಲಿಲ್ಲ. ಗೈಡು ಮುಚ್ಚಿಟ್ಟ. ಬಾಗಿಲಿನ ಕಡೆ ಒಮ್ಮೆ ನೋಡಿ, ಮೇಜಿನ ಮೇಲಿದ್ದ ಡಸ್ಟರಿಗೆ ದಾರ ಕಟ್ಟಿ ತೂಗುಬಿಟ್ಟ. ಅದು ಆಚೆಯಿಂದ ಈಚೆಗೆ ತೂಗಾಡಿತು.

"ಇದು ಎಲ್ಲೆ ಜೋರ ಹೋಗತೈತಿ, ಎಲ್ಲೆ ಒಂದ ಕ್ಷಣ ನಿಲ್ಲತೈತಿ, ಕಣ್ಣಿಟ್ಟ ನೋಡ್ರಿ," ಅಂದ. ಹುಡುಗರು ತಲೆ ಎತ್ತಿದರು. ಅವನ ಕಣ್ಣು ಎರಡನೆಯ ಬೆಂಚಿನ ಮೇಲಿತ್ತು.

ನೀಲಮ ಪೆನ್ನು ಕೆಳಗಿಡಲಿಲ್ಲ.

"ಸರ್ರ, ಇದು ಪರೀಕ್ಷಾಕ್ಕ ಬರತೈತೇನ್ರಿ?"

ದಾರ ಇನ್ನೂ ತೂಗುತ್ತಿತ್ತು. ಧರಣೇಂದ್ರ ಅದನ್ನು ಕೈಯಿಂದ ಹಿಡಿದು ನಿಲ್ಲಿಸಿದ.

"ಇಲ್ಲ."

"ಹಂಗಾರ ಬಿಡ್ರಿ," ಅಂದಳು, ಯಾವ ಸಿಟ್ಟೂ ಇಲ್ಲದೆ. "ಮುಂದಿಂದ ಹೇಳ್ರಿ. ಬರ್ಕೋತೀವಿ."

ಅವನು ಗೈಡು ತೆರೆದ. ಹದಿನೇಳನೆಯ ಲೆಕ್ಕ.